ಎರಡೂರಿಗೆ ಹೋಗಿದ್ದ ಒಂದೇ ಗಾಡಿ

ಗೆಳೆಯರೇ, ಹೆಮ್ಮರಗಾಲದ ನಮ್ಮ ಬೀದಿಯ ಕುಡಿಯುವ ನೀರಿನ ಮೋಟರ್ ಕೆಟ್ಟು ಇಂದಿಗೆ ನಾಲ್ಕು ದಿನ. ಬೆಳಿಗ್ಗೆ ಮತ್ತೆ ನೀರು ಸರಬರಾಜು ಕಚೇರಿಗೆ ಫೋನ್ ಮಾಡಿದೆ. "ರಿಪೇರಿ ಗಾಡಿ ತಾಂಡವಪುರಕ್ಕೆ ಹೋಗಿದೆ ಸಾರ್, ಲೈನಲ್ಲಿರಿ" ಎಂದರು ಗುಮಾಸ್ತರು. ಅವರ ಮೇಜಿನ ಮೇಲೆ ನಾಲ್ಕು ಲೈನಿನ ಫೋನಿದೆ. ಬಂದ ಕರೆಯನ್ನೆಲ್ಲ ಕಾಯಲು ಹಾಕಿ ಮರೆತುಬಿಡುವುದು ಅಲ್ಲಿಯ ಹಳೆಯ ಪದ್ಧತಿ. ಇವತ್ತು ಯಾವ ಗುಂಡಿ ಒತ್ತಿದರೋ, ಕಾಯುತ್ತಿದ್ದ ಇನ್ನೊಬ್ಬರ ಜೊತೆಗೆ ನನ್ನನ್ನು ಸೇರಿಸಿಬಿಟ್ಟರು.

"ಅಲೋ ಸಾ, ನಮ್ಮ ಮೋಟ್ರು ಯಾವಾಗ ಸರಿ ಮಾಡ್ತೀರಿ?" ಎಂದು ಹೆಂಗಸೊಬ್ಬರ ದನಿ.

"ನಾನೂ ಅದನ್ನೇ ಕೇಳೋಕೆ ಕಾಯ್ತಿದ್ದೀನಮ್ಮ. ನಿಮ್ಮದು ಯಾವೂರು?"

"ತಾಂಡವಪುರ. ಗಾಡಿ ಎಮ್ಮರಗಾಲಕ್ಕೋಗ್ಯದೆ ಅಂತಾವ್ರೆ."

"ನಾನು ಹೆಮ್ಮರಗಾಲದವನೇ. ನನಗೆ ನಿಮ್ಮೂರಿಗೆ ಹೋಗಿದೆ ಅಂದರು!"

"ಅಯ್ಯೋ ಇವ್ರ ಮನೆ ಆಳಾಗ! ಅಂಗಾರೆ ಗಾಡಿ ನಡುದಾರೀಲಿ ಮೊಟ್ಟೆ ಇಡ್ತಾ ಕುಂತದಾ?"

ಅಷ್ಟರಲ್ಲಿ ಗುಮಾಸ್ತರು ಲೈನಿಗೆ ಬಂದರು. ಆಯಮ್ಮ ಬಿಡಲಿಲ್ಲ. "ಎಮ್ಮರಗಾಲದೋರೂ ಇಲ್ಲೇ ಲೈನಲ್ಲಿ ಅವ್ರೆ ಕಣಪ್ಪ. ಈಗ ಬಾಯ್ಬುಡು, ಗಾಡಿ ಎಲ್ಲದೆ?"

ಗುಮಾಸ್ತರು ಮೆತ್ತಗೆ, "ಆಫೀಸ್ ಹಿಂದ್ಗಡೆ ನಿಂತಿದೆ ಮೇಡಂ."

"ಕಿಟಕಿ ತೆಗೀರಿ. ಅದು ಹೊರಟ ಸದ್ದು ಕೇಳೋವರೆಗೂ ನಾವಿಬ್ಬರೂ ಫೋನ್ ಇಡಲ್ಲ" ಎಂದೆ.

ಇಡಲಿಲ್ಲ. ಗಾಡಿ ಹೊರಟಿತು. ಮಧ್ಯಾಹ್ನ ತಾಂಡವಪುರದಲ್ಲಿ ನೀರು, ಸಂಜೆ ನಾಲ್ಕಕ್ಕೆ ನಮ್ಮ ಬೀದಿಯಲ್ಲಿ.

ಕಚೇರಿಯಲ್ಲಿ ಆ ನಾಲ್ಕು ಲೈನಿನ ಫೋನು ಹಾಕಿಸಿದ ದಿನ ನಾನು ಅಲ್ಲಿದ್ದೆ. ಸಾರ್ವಜನಿಕರ ಅನುಕೂಲಕ್ಕೆ ಎಂದು ಭಾಷಣವೂ ಆಗಿತ್ತು. ಹನ್ನೊಂದು ವರ್ಷದ ಮೇಲೆ, ಗುಮಾಸ್ತರ ಕೈತಪ್ಪಿನಿಂದ, ಆ ಮಾತು ಇವತ್ತು ನಿಜವಾಯಿತು.