ಮೋರಿಯ ಮೇಲಿನ ಜಗಲಿ

ಅಭಿಪ್ರಾಯಗಳಿರುವ ಮನುಷ್ಯನಿಗೆ ಸಂಜೆಯ ಹೊತ್ತು ಕೂರಲು ತುಸು ಎತ್ತರದ ಜಾಗ ಬೇಕಾಗುತ್ತದೆ. ಶಾಲೆಯ ಮೇಷ್ಟ್ರೂ ಪಂಚಾಯಿತಿಯ ಸದಸ್ಯನೂ ಆಗಿದ್ದ ನನಗೆ ಅಭಿಪ್ರಾಯಗಳಿಗೆ ಬರವಿರಲಿಲ್ಲ, ಜಾಗಕ್ಕೆ ಇತ್ತು. ಮಳವಳ್ಳಿಗೆ ಎರಡು ಮೈಲಿ ದೂರದ ನಮ್ಮೂರಿನಲ್ಲಿ, ನನ್ನ ಬಾಗಿಲಿಗೂ ಬೀದಿಗೂ ನಡುವೆ ಇದ್ದದ್ದು ಮಳೆನೀರಿನ ಮೋರಿ. ವರ್ಷದ ಬಹುಭಾಗ ಒಣಗಿ ಬಿದ್ದಿರುತ್ತಿದ್ದ ಆ ನಿರುದ್ಯೋಗಿಯ ಮೇಲೆ ನಾನು ಚಪ್ಪಡಿ ಹಾಸಿ, ಗಾರೆ ಬಳಿಸಿ, ಭದ್ರವಾದ ಜಗಲಿ ಕಟ್ಟಿಸಿದೆ. ನೀರು ಹೋಗಲೆಂದು ಅಡಿಯಲ್ಲಿ ಕಿಂಡಿಯನ್ನೂ ಬಿಡಿಸಿದ್ದೆ. ಬೆಕ್ಕೊಂದು ವಿನಯದಿಂದ ಬಗ್ಗಿದರೆ ಅದರಲ್ಲಿ ಹಾಯಬಹುದಾಗಿತ್ತು.

ಅದು ಯುದ್ಧದ ಕಾಲ. ನಾವು ನಾಲ್ಕು ಮಂದಿ ಜಗಲಿಯ ಮೇಲೆ ಕುಳಿತು ಜಗವನ್ನೇ ಆಳುತ್ತಿದ್ದೆವು. ಎರಡು ದಿನ ಹಳೆಯ ಪತ್ರಿಕೆಯನ್ನು ನಾನು ಓದುವುದು, ಯಾವ ಸೈನ್ಯ ಯಾವ ನದಿಯನ್ನು ಎಲ್ಲಿ ದಾಟಬೇಕಿತ್ತೆಂದು ಎಲ್ಲರೂ ಸೇರಿ ತೀರ್ಮಾನಿಸುವುದು. ಈ ಜಲವಿದ್ಯೆಗೆ ಮನಸೋತೋ ಏನೋ, ಪಂಚಾಯಿತಿಯವರು ನನ್ನನ್ನು ನೈರ್ಮಲ್ಯ ಸಮಿತಿಯ ಅಧ್ಯಕ್ಷನನ್ನಾಗಿ ಮಾಡಿದ್ದರು. ಮೋರಿಗಳ ಒತ್ತುವರಿಯನ್ನು ಖಂಡಿಸಿ ನಾನು ಭಾಷಣ ಮಾಡಿದಾಗ ಸಭಿಕರು ಮುಖ ಮುಖ ನೋಡಿಕೊಂಡರು. ಅದನ್ನು ನಾನು ಮೆಚ್ಚುಗೆ ಎಂದುಕೊಂಡೆ.

ಆ ಮೋರಿ ನನ್ನ ಮನೆಗೆ ಬರುವ ಮುನ್ನ ಚಿಕ್ಕತಾಯಮ್ಮನ ಬಾಗಿಲನ್ನು ಹಾದು ಬರುತ್ತಿತ್ತು. ಅವಳ ಗಂಡ ಶಿವನಸಮುದ್ರದ ಕರೆಂಟಿನ ಕಾರ್ಖಾನೆಯಲ್ಲಿ ಕೂಲಿಯಾಗಿದ್ದು ತಿಂಗಳಿಗೊಮ್ಮೆ ಬರುತ್ತಿದ್ದ. ಅವಳು ಬೀದಿಯ ಮಟ್ಟಕ್ಕೇ ಇದ್ದ ಆ ಪುಟ್ಟ ಮನೆಯಲ್ಲಿ ಒಬ್ಬಳೇ ರೇಷ್ಮೆ ಹುಳು ಸಾಕುತ್ತಿದ್ದಳು. ಜಗಲಿ ಕಟ್ಟಿಸುವಾಗ ಬಂದು ನಿಂತು, "ಮೇಷ್ಟ್ರೇ, ಮಳೆ ನೀರು ಎತ್ತಗೋಯ್ತದೆ?" ಎಂದು ಕೇಳಿದ್ದಳು. ನೀರು ತನ್ನ ಮಟ್ಟವನ್ನು ತಾನೇ ಕಂಡುಕೊಳ್ಳುತ್ತದೆಂಬ ವಿಜ್ಞಾನದ ಪಾಠವನ್ನು ನಾನು ಸಾವಧಾನವಾಗಿ ವಿವರಿಸಿದ್ದೆ.

ಚಿತ್ತೆ ಮಳೆಯ ಒಂದು ಭಾನುವಾರ ಮಧ್ಯಾಹ್ನ ನೀರು ಆ ಪಾಠವನ್ನು ಒಪ್ಪಿಸಿತು. ಕೊಡದಲ್ಲಿ ಸುರಿದಂತೆ ಎರಡು ಗಂಟೆ ಮಳೆ ಹೊಡೆಯಿತು. ಕಸಕಡ್ಡಿ, ತೆಂಗಿನ ಗರಿ, ಯಾರದೋ ಹರಿದ ಕಂಬಳಿ ಎಲ್ಲವೂ ನನ್ನ ಕಿಂಡಿಗೆ ಸಿಕ್ಕಿಕೊಂಡು, ಹಿಂದೆ ಸರಿದ ನೀರು ತನ್ನ ಮಟ್ಟವನ್ನು ಚಿಕ್ಕತಾಯಮ್ಮನ ಮನೆಯೊಳಗೆ ಕಂಡುಕೊಂಡಿತು.

ಸೀರೆ ಎತ್ತಿ ಕಟ್ಟಿ, ಹಾರೆ ಹಿಡಿದು, ತೊಯ್ದು ತೊಪ್ಪೆಯಾಗಿ ಅವಳು ಬಂದಳು.

"ನಿಮ್ ಕಿಂಡಿ ಕಟ್ಕಂಡದೆ ಮೇಷ್ಟ್ರೇ. ನಾಕ್ನೇ ಜರ ಎದ್ದಿರೋ ಉಳ, ಇನ್ನೊಂದ್ವಾರಕ್ಕೆ ಗೂಡು ಕಟ್ಟವು. ಜಗಲಿ ಒಡೀಬೇಕು ಕಣಿ."

ನಾಲ್ಕನೆಯ ಸಲ ಪೊರೆ ಬಿಟ್ಟ ಹುಳುಗಳೆಂದರೆ ತಿಂಗಳ ದುಡಿಮೆಯೆಲ್ಲ ಕೈಗೆ ಬರುವ ಹೊತ್ತು. ಅದು ನನಗೂ ಗೊತ್ತಿತ್ತು. ಆದರೂ ಬಾಯಿಗೆ ಬಂದದ್ದು ಬೇರೆ. "ಒಂದು ಅರ್ಜಿ ಕೊಡಮ್ಮ. ಮುಂದಿನ ಸಭೆಯಲ್ಲಿ ನಾನೇ ಪ್ರಸ್ತಾಪ ಮಾಡ್ತೀನಿ."

"ಸಬೆಗಂಟ ಉಳಕ್ಕೆ ಈಜು ಕಲಿಸ್ಲಾ ಸೋಮಿ?" ಎಂದಳು.

ಅಷ್ಟರಲ್ಲಿ ನನ್ನ ಹೆಂಡತಿ ಒಳಗಿನಿಂದ ಬಂದು, "ಜಗಲಿ ಕೆಲಸ ಅವಳು ನೋಡ್ಕೋತಾಳೆ. ನೀವು ನಡೀರಿ, ಹುಳದ ತಟ್ಟೆ ಹೊರೋಣ," ಎಂದಳು.

ಬೆನ್ನ ಹಿಂದೆ ಹಾರೆಯ ಏಟು ಬೀಳುತ್ತಿರಲು ನಾವಿಬ್ಬರೂ ಅವಳ ಮನೆಯೊಳಗಿನ ಮೊಣಕಾಲುದ್ದದ ನೀರಿಗಿಳಿದೆವು. ಅಟ್ಟಣಿಗೆಯ ಕೆಳಸಾಲಿನ ಬಿದಿರು ತಟ್ಟೆಗಳು ಆಗಲೇ ಮುಳುಗಿದ್ದವು. ಬೆರಳುದ್ದದ ಬಿಳಿಯ ಹುಳುಗಳು ಕೆಸರು ನೀರಿನಲ್ಲಿ ತೇಲಿಬಂದು ನನ್ನ ಕಾಲಿಗೆ ತಗುಲಿದವು. ಒಂದು ಹಿಡಿಯಷ್ಟನ್ನು ಎತ್ತಿ ನೋಡಿದೆ, ಒಂದೂ ಅಲುಗಲಿಲ್ಲ. ಭೂಪಟದ ಮೇಲೆ ಸೈನ್ಯಗಳನ್ನೇ ಮುಳುಗಿಸಿದ್ದ ನನಗೆ ಆ ಹಿಡಿ ಹುಳುಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಉಳಿದ ತಟ್ಟೆಗಳನ್ನು ತಲೆಯ ಮೇಲೆ ಹೊತ್ತು ನಮ್ಮ ಪಡಸಾಲೆಗೆ ಸಾಗಿಸಿ ಮುಗಿಸುವಷ್ಟರಲ್ಲಿ ಚಪ್ಪಡಿ ಎರಡು ಹೋಳಾಯಿತು. ನೀರು ಭೋರೆಂದು ನುಗ್ಗಿ ಹೋಯಿತು.

ಒದ್ದೆ ಸೊಪ್ಪು ತಿಂದರೆ ಹುಳು ಸಾಯುತ್ತದಂತೆ. ಆ ಸಂಜೆ ಮೂವರೂ ಕುಳಿತು, ನನ್ನ ಸಭೆಗೆ ಹೋಗುವ ಪಂಚೆಯಿಂದಲೇ ಹಿಪ್ಪುನೇರಳೆಯ ಒಂದೊಂದು ಎಲೆಯನ್ನೂ ಒರೆಸಿದೆವು. ಬದುಕಿದ ಹುಳುಗಳು ಮೇಯತೊಡಗಿದವು. ಸಣ್ಣ ಮಳೆ ಸುರಿದಂಥ ಸದ್ದು ಪಡಸಾಲೆಯನ್ನು ತುಂಬಿತು. ಅರ್ಧಕ್ಕಿಂತ ತುಸು ಹೆಚ್ಚು ಉಳಿದಿದ್ದವು.

ನಾಲ್ಕು ದಿನಕ್ಕೆ ತಾಲ್ಲೂಕಿನ ಅಮಲ್ದಾರರು ಪರಿಶೀಲನೆಗೆ ಬಂದರು. ನಮ್ಮ ಪಂಚಾಯಿತಿಯ ಛೇರ್ಮನ್ನರು ಒಡೆದ ಜಗಲಿಯನ್ನು ತೋರಿಸಿ, ಸಾರ್ವಜನಿಕ ಹಿತಕ್ಕಾಗಿ ನಾನು ಸ್ವಂತ ಸೊತ್ತನ್ನೇ ತ್ಯಾಗ ಮಾಡಿದೆನೆಂದು ಬಣ್ಣಿಸಿದರು. ಅಮಲ್ದಾರರು ತಮಗೆ ಹಾಕಿದ್ದ ಚೆಂಡುಹೂವಿನ ಹಾರವನ್ನು ತೆಗೆದು ನನ್ನ ಕೊರಳಿಗೆ ಹಾಕಿದರು. ನಿಜ ಹೇಳಲೆಂದು ತೆರೆದ ನನ್ನ ಬಾಯಿ, "ಅದು ನನ್ನ ಕರ್ತವ್ಯ," ಎಂದಿತು.

ಮನೆಗೆ ಬಂದಾಗ ಚಿಕ್ಕತಾಯಮ್ಮ ಪಡಸಾಲೆಯಲ್ಲಿ ಹುಳುಗಳಿಗೆ ಸೊಪ್ಪು ಬಿಡಿಸುತ್ತಿದ್ದಳು. ಹಾರವನ್ನು ಬಚ್ಚಿಡಲು ಜಾಗವಿರಲಿಲ್ಲ.

"ಯಾತಕ್ ಆಕುದ್ರು ಮೇಷ್ಟ್ರೇ?"

"ಜಗಲಿ ಒಡೆದದ್ದಕ್ಕೆ," ಎಂದೆ.

"ಅಂಗಾರೆ ಇತ್ತಾಗ್ ಕೊಡಿ," ಎಂದು ಕೈಚಾಚಿದಳು.

ಕೊಟ್ಟೆ. ನಗದೆ, ನನ್ನತ್ತ ನೋಡದೆ, ಅದನ್ನು ತನ್ನ ಕೊರಳಿಗೆ ಹಾಕಿಕೊಂಡು ಮತ್ತೆ ಸೊಪ್ಪು ಬಿಡಿಸಲು ಕುಳಿತಳು.