ಮೊಲಗಳನ್ನು ಹೆದರಿಸುವ ಕೆಲಸ

ನನ್ನ ತಮ್ಮನಷ್ಟು ಸಾಧುಪ್ರಾಣಿಯನ್ನು ನಾನು ಕಂಡಿಲ್ಲ. ಬಸ್ಸಿನಲ್ಲಿ ಯಾರಾದರೂ ಅವನ ಕಾಲು ತುಳಿದರೆ ‘ಸಾರಿ’ ಎನ್ನುವವನು ಅವನೇ. ಕ್ಷೌರದಂಗಡಿಯಲ್ಲಿ ಕೈತಪ್ಪಿ ಅರ್ಧ ಮೀಸೆ ಹಾರಿಹೋದಾಗ, ಕ್ಷೌರಿಕನಿಗೆ ಬೇಜಾರಾದೀತೆಂದು ಇನ್ನರ್ಧವನ್ನೂ ತೆಗೆಸಿಕೊಂಡು ಬಂದ. ಅಂಥವನಿಗೆ ಸಿಕ್ಕಿದ ಕೆಲಸ ಕೇಳಿ: ಪ್ರಯೋಗಶಾಲೆಯಲ್ಲಿ ಮೊಲಗಳನ್ನು ಹೆದರಿಸುವುದು!

ಅಲ್ಲಿನ ಪ್ರೊಫೆಸರಿಗೆ ಒಂದೇ ಹುಚ್ಚು. ಅಂಡಾಶಯದಿಂದ ಹೊರಟ ಅಂಡ ಅಂಡನಾಳದಲ್ಲಿ ಸಾಗಿ ಗರ್ಭಕೋಶ ಸೇರಬೇಕಲ್ಲ, ಆ ನಾಳದ ಗೋಡೆಯಲ್ಲಿ ಸಿಂಪಥೆಟಿಕ್ ನರಗಳಿವೆ. ಭಯವಾದಾಗ ಎದೆ ಡವಡವ ಎನಿಸುವ ನರಗಳೂ ಅದೇ ಬಳಗದವು. ಹೆದರಿದರೆ ಅವು ನಾಳವನ್ನು ಬಿಗಿಹಿಡಿದು ಅಂಡವನ್ನು ದಾರಿಯಲ್ಲೇ ನಿಲ್ಲಿಸುತ್ತವೆ ಎಂಬುದು ಅವರ ವಾದ. ಅದಕ್ಕೆ ಹೆದರಿದ ಮೊಲಗಳು ಬೇಕು. ಮೊಲ ಹೆದರಿದರೆ ತಮ್ಮನ ಕೆಲಸ ಕಾಯಂ, ಇಲ್ಲದಿದ್ದರೆ ತಿಂಗಳ ಕೊನೆಗೆ ಮನೆಗೆ. ಅವನ ಹೆಂಡತಿ ಆಗ ತುಂಬು ಬಸುರಿ.

ಅವನು ತಟ್ಟೆ ಬಡಿದ. ಊಟ ಬಂತೆಂದು ಮೊಲಗಳು ಓಡಿಬಂದವು. ಕರಿ ಕಂಬಳಿ ಹೊದ್ದು ಹೋದ. ಎರಡು ಮೊಲ ಅದರೊಳಗೇ ನುಗ್ಗಿ ಮಲಗಿದವು. ಕೊನೆಗೆ ಮನೆಯಲ್ಲಿ ನಾನೇ ತಾಲೀಮಿಗೆ ನಿಂತೆ.

“ಕಣ್ಣು ಕೆಂಪಗೆ ಮಾಡೋ! ಅರಚು!”

“ಪಾಪ, ಅವೇನು ತಪ್ಪು ಮಾಡಿದಾವೆ ಅಕ್ಕಾ?”

“ಅಯ್ಯೋ ನಿನ್ನ ತಲೆ! ನಿನ್ನ ಕಟ್ಟಿಕೊಂಡು ಆ ಹುಡುಗಿ ಕೆಟ್ಟಳು ಹೋಗು!”

ಅವನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಬಿಡಿ ಅತ್ತಿಗೆ, ಇವರು ಅರಚಿದ್ರೆ ನನಗೇ ನಿದ್ದೆ ಬರುತ್ತೆ.”

ಕೊನೆಯ ದಿನ ನಡೆದದ್ದನ್ನು ಆಮೇಲೆ ಅವನೇ ಹೇಳಿದ. “ನಿಮ್ಮನ್ನ ಕಂಡ್ರೆ ಮೊಲಾನೂ ಹೆದರಲ್ವಲ್ರೀ. ನಾಳೆಯಿಂದ ಬರಬೇಡಿ” ಎಂದರಂತೆ ಪ್ರೊಫೆಸರ್. ಇವನು ಚೀಲ ತರಲು ಮೊಲಗಳ ಕೋಣೆಗೆ ಹೋದ. ಕಿವಿ ಹರಿದ ಬಿಳಿ ಮೊಲವೊಂದು ಎಂದಿನಂತೆ ಬಂದು ಅವನ ಚಪ್ಪಲಿಯ ಮೇಲೆ ಕೂತಿತು. ಅಷ್ಟೇ, ಹುಟ್ಟಿದಾಗಿನಿಂದ ನುಂಗಿಕೊಂಡದ್ದೆಲ್ಲ ಒಟ್ಟಿಗೇ ಬಾಯಿಗೆ ಬಂತು.

“ಹೋಗಿ ಆಚೆ! ನಿಮ್ಮಿಂದ ನನ್ನ ಹೆಂಡ್ತಿ ಮಗು ಬೀದಿಗೆ ಬೀಳಬೇಕಾ?”

ಮೊಲಗಳು ಮೂಲೆಗೆ ಓಡಿ, ಒಂದರಡಿ ಒಂದು ತಲೆ ತೂರಿಸಿ ಗಡಗಡ ನಡುಗಿದವು. ಪ್ರೊಫೆಸರ್ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದರು. “ಭಲೇ! ದಿನಾ ಹೀಗೇ ಮಾಡಿ!”

ದಿನವೂ ಮಾಡಿದ. ಆದದ್ದೇನು? ಹೆದರಿದ ಮೊಲದಲ್ಲೂ ಅಂಡ ಹೊತ್ತಿಗೆ ಸರಿಯಾಗಿ ಗರ್ಭಕೋಶಕ್ಕೆ ಬಂತು, ಹೆದರದ ಮೊಲದಲ್ಲೂ ಬಂತು, ಆ ನರಗಳನ್ನೇ ಕತ್ತರಿಸಿದ ಮೊಲದಲ್ಲೂ ಬಂತು. ಆ ನರಗಳ ಕೆಲಸ ಏನೆಂದು ಕೊನೆಗೂ ಗೊತ್ತಾಗದಿದ್ದರೂ ಈ ಮನುಷ್ಯ ಕೆಲಸದಲ್ಲಿ ಗಟ್ಟಿಗ ಎಂದು ಪ್ರೊಫೆಸರ್ ಅವನನ್ನು ಕಾಯಂ ಮಾಡಿದರು.

“ಗೆದ್ದೆಯಲ್ಲೋ!” ಎಂದು ನಾನು ಅವನ ಬಾಯಿಗೆ ಸಕ್ಕರೆ ಹಾಕಿದೆ.

“ಸೊಪ್ಪು ಹಿಡಿದು ನಿಂತ್ರೂ ಒಂದೂ ಹತ್ರ ಬರ್ತಿಲ್ಲ ಅಕ್ಕಾ” ಎಂದ.

“ಸಂಬಳ ಬರುತ್ತಲ್ಲ, ಸಾಕು” ಎಂದುಬಿಟ್ಟೆ. ನನ್ನ ಬಾಯಿಗಿಷ್ಟು ಬೆಂಕಿ ಹಾಕ.

ಮುಂದಿನ ವಾರ ಹೆರಿಗೆಯಾಯಿತು, ಹೆಣ್ಣುಮಗು. ಆಸ್ಪತ್ರೆಯ ಕೋಣೆಯ ಹೊಸ್ತಿಲಲ್ಲೇ ನಿಂತ ತಮ್ಮ ಎಷ್ಟು ಕರೆದರೂ ಒಳಗೆ ಬರಲೊಲ್ಲ.

“ನನ್ನ ಕಂಡ್ರೆ ಹೆದರುತ್ತಾ ಅಕ್ಕಾ?”

ಮಗುವನ್ನು ತಂದು ಅವನ ತೋಳಿಗೆ ಕೊಟ್ಟೆ. ಅದು ಅವನ ಮುಖಕ್ಕೇ ದೊಡ್ಡದಾಗಿ ಆಕಳಿಸಿ ನಿದ್ದೆ ಹೋಯಿತು. ಅವನು ಅತ್ತ, ಅದಕ್ಕೆ ಎಚ್ಚರವಾದೀತೆಂದು ಸದ್ದಿಲ್ಲದೆ.