ಹನ್ನೊಂದು ಹೊಲಿಗೆಯ ಯೋಗ್ಯತೆ

ತೆಯೋಫಿಲಾಳ ಎಡತೋಳಿನ ಗಾಯವನ್ನು ಮೊದಲು ಮೆಚ್ಚಿದವಳು ಸುಲ್ಮಾ. ಚರ್ಚಿನ ನೆಲಮಾಳಿಗೆಯಲ್ಲಿ ಕೂತು ನಮ್ಮ ಬೀದಿಯವರಿಗೆಲ್ಲ ಪುಕ್ಕಟೆ ಕಾನೂನು ಸಲಹೆ ಕೊಡುವ ಈ ವಕೀಲೆ ಹುಡುಗಿ ತೋಳನ್ನು ದೀಪದ ಕಡೆ ತಿರುಗಿಸಿ ಹೊಲಿಗೆಯ ಗುರುತುಗಳನ್ನು ಎಣಿಸಿದಳು. ಹನ್ನೊಂದಿದ್ದವು.

"ಚೆನ್ನಾಗೇ ಇರಿದಿದಾನೆ ಕಣಕ್ಕ," ಎಂದಳು. "ಬರೀ ದುಡ್ಡಿನ ಡಬ್ಬ ಕಿತ್ಕೊಂಡು ಓಡಿದ್ರೆ ಏನೂ ಉಪಯೋಗ ಇರ್ತಿರ್ಲಿಲ್ಲ."

ಸುಲ್ಮಾ ತಮಾಷೆ ಮಾಡುತ್ತಿರಲಿಲ್ಲ. ಈ ದೇಶದಲ್ಲಿ ಅಂಥದ್ದೊಂದು ವೀಸಾ ಇದೆ. ಕಾಗದಪತ್ರವಿಲ್ಲದೆ ಗಡಿ ದಾಟಿ ಬಂದವರು ಇಲ್ಲಿ ಘೋರ ಅಪರಾಧಕ್ಕೆ ಬಲಿಯಾಗಿ, ಪೊಲೀಸರ ತನಿಖೆಗೆ ನೆರವಾದರೆ ಸರ್ಕಾರ ಅವರ ಮೇಲೆ ಕರುಣೆ ತೋರಿಸುತ್ತದೆ. ಕರುಣೆಗೂ ಒಂದು ಪಟ್ಟಿಯಿದೆ. ಲಾಸ್ ಏಂಜಲೀಸಿಗೆ ಬಂದ ಹದಿನಾಲ್ಕು ವರ್ಷಗಳಲ್ಲಿ ತೆಯೋಫಿಲಾ ಎರಡು ಸಲ ಕೈಚೀಲ ಕಳೆದುಕೊಂಡಿದ್ದಳು. ಜೋಳದ ಹಿಟ್ಟಿನ ಕಡುಬು, ತಮಾಲೆ ಮಾರುವ ತಳ್ಳುಗಾಡಿಯನ್ನು ಒಮ್ಮೆ ಬಿಸಿ ತಮಾಲೆಗಳ ಸಮೇತ ಯಾರೋ ತಳ್ಳಿಕೊಂಡು ಹೋಗಿದ್ದರು. ಮನೆ ಮಾಲೀಕನೊಬ್ಬ ಅವಳ ಹಾಸಿಗೆಯನ್ನು ಬೀದಿಗೆ ಎಸೆದಿದ್ದ. ಇವೆಲ್ಲ ಪಟ್ಟಿಗೆ ಸೇರದ ಕಳಪೆ ಅಪರಾಧಗಳು. ಚಾಕುವಿನ ಇರಿತಕ್ಕೆ ಮಾತ್ರ ಒಂದು ದರ್ಜೆಯಿದೆ. ಹದಿನಾಲ್ಕು ವರ್ಷ ಜೋಳದ ಹಿಟ್ಟು ನಾದಿ ಗಳಿಸಲಾಗದ ಯೋಗ್ಯತೆಯನ್ನು ಒಬ್ಬ ಪುಂಡ ಎರಡೇ ಸೆಕೆಂಡಿನಲ್ಲಿ ದಯಪಾಲಿಸಿದ್ದ.

"ಮಕ್ಕಳಿದಾರಾ?" ಎಂದಳು ಸುಲ್ಮಾ.

"ಒಬ್ಳೇ. ನೊಹೆಮಿ ಅಂತ. ಊರಲ್ಲಿ ನಮ್ಮಮ್ಮನ ಹತ್ರ ಇದಾಳೆ."

"ವಯಸ್ಸು?"

"ಇನ್ನು ಒಂಬತ್ತು ವಾರಕ್ಕೆ ಇಪ್ಪತ್ತೊಂದು ತುಂಬುತ್ತೆ."

ಸುಲ್ಮಾ ಪೆನ್ನು ಕೆಳಗಿಟ್ಟಳು. "ಅಷ್ಟರೊಳಗೆ ಅರ್ಜಿ ಹಾಕಿದ್ರೆ ಅವಳನ್ನೂ ಕರ್ಸ್ಕೋಬಹುದು. ಒಂದು ದಿನ ತಡ ಆದ್ರೂ ಇಲ್ಲ. ಅರ್ಜಿ ಜೊತೆ ಪೊಲೀಸರ ಸಹಿ ಇರ್ಬೇಕು, ನೀವು ಅವ್ರಿಗೆ ಸಹಾಯ ಮಾಡಿದೀರ ಅಂತ. ಮಾಡಿದೀರ ತಾನೆ?"

ತೆಯೋಫಿಲಾ ಊರು ಬಿಟ್ಟಾಗ ನೊಹೆಮಿಗೆ ಆರು ವರ್ಷ. ಪ್ರತಿ ಕ್ರಿಸ್‌ಮಸ್‌ಗೆ ಅವಳಿಗೊಂದು ಉಡುಪು ಕಳಿಸುತ್ತಿದ್ದಳು, ಪ್ರತಿ ಸಲವೂ ಅದು ಒಂದು ಅಳತೆ ಚಿಕ್ಕದಾಗುತ್ತಿತ್ತು. "ಅಮ್ಮಾ, ನಾನು ಬೆಳೀತಿದೀನಿ ಅಂತ ನಿಂಗೆ ಯಾರೂ ಹೇಳೇ ಇಲ್ವಾ?" ಎಂದು ಮಗಳು ಫೋನಿನಲ್ಲಿ ಚುಚ್ಚುತ್ತಿದ್ದಳು. ಆ ಮಗಳನ್ನು ಕಣ್ಣಾರೆ ನೋಡುವ ದಾರಿ ತೆರೆದಿದೆ ಎಂದು ಕೇಳಿದ ಗಳಿಗೆಯಲ್ಲೇ ತಾನು ತಿಂದ ಟರ್ಕಿ ಕೋಳಿ ಅವಳಿಗೆ ನೆನಪಾಯಿತು.

ಆದದ್ದಿಷ್ಟು. ಇರಿದವನನ್ನು ಪೊಲೀಸರು ನಾಲ್ಕೇ ದಿನದಲ್ಲಿ ಹಿಡಿದಿದ್ದರು. ತೆಯೋಫಿಲಾಳೇ ಫೋಟೋ ನೋಡಿ ಬೆರಳು ತೋರಿಸಿದ್ದಳು. ಹೆಸರು ಹೊರಬಿದ್ದಾಗ ನೋಡಿದರೆ ಅವನು ಎಲಾದಿಯೋ, ಅವಳದೇ ಊರಿನ ಕ್ರೆಸೆನ್ಸಿಯಾಳ ಮಗ. ಮತ್ತಿನ ಪುಡಿಗೆ ಬಿದ್ದವನು; ಬೆಳಗಿನ ಚಳಿಗೆ ಮುಖಕ್ಕೆ ಶಾಲು ಸುತ್ತಿಕೊಂಡು ತಮಾಲೆ ಮಾರುತ್ತಿದ್ದ ಹೆಂಗಸು ತನ್ನ ತಾಯಿಯ ಜೊತೆ ಜೋಳ ಬಿಡಿಸಿದವಳೆಂದು ಅವನಿಗೇನು ಗೊತ್ತು.

ಗಡಿಯಾಚೆ ಓಹಾಕಾ ಬೆಟ್ಟದ ಆ ಊರಿನಲ್ಲಿ ಇಂಥದ್ದಕ್ಕೆ ಪೊಲೀಸರನ್ನು ಕರೆಯುವುದಿಲ್ಲ. ತಪ್ಪು ಮಾಡಿದವನ ಮನೆಯವರು ಜೀವಂತ ಟರ್ಕಿ ಕೋಳಿ, ರೊಟ್ಟಿಯ ಬುಟ್ಟಿ, ಒಂದು ಬಾಟಲಿ ಮೆಸ್ಕಾಲ್ ಮದ್ಯ ಹೊತ್ತು ನೊಂದವರ ಮನೆಗೆ ಬರುತ್ತಾರೆ. ಕೋಳಿಯನ್ನು ಸ್ವೀಕರಿಸಿ, ಬೇಯಿಸಿ, ಎರಡೂ ಮನೆಯವರು ಕೂತು ಉಂಡರೆ ಮುಗಿಯಿತು, ಆಮೇಲೆ ಆ ವಿಷಯ ಎತ್ತುವವರಿಗೆ ಮರ್ಯಾದೆಯಿಲ್ಲ. ಊರವರು ಮೂರು ಸಾವಿರ ಕಿಲೋಮೀಟರ್ ದೂರ ಬಂದರೂ ಈ ಪದ್ಧತಿಯನ್ನು ಬಿಟ್ಟು ಬಂದಿರಲಿಲ್ಲ. ಕ್ರೆಸೆನ್ಸಿಯಾ ಊರ ಸಂಘದ ಅಧ್ಯಕ್ಷ ದೋನ್ ವುಲ್ಫ್ರಾನೋನನ್ನು ಮುಂದೆ ಬಿಟ್ಟುಕೊಂಡು ಬಂದು ಮಂಡಿಯೂರಿದಳು. ತೆಯೋಫಿಲಾ ಅವಳನ್ನು ಎಬ್ಬಿಸಿ ಕೂರಿಸಿದಳು. ಕೋಳಿ ಎರಡು ದಿನ ಅವಳ ಬಚ್ಚಲಿನಲ್ಲಿ ಒಂದು ಕಾಲಿಗೆ ಹಗ್ಗ ಕಟ್ಟಿಸಿಕೊಂಡು ಗಂಭೀರವಾಗಿ ಓಡಾಡಿತು. ಮೂರನೆಯ ದಿನ ಕರಿ ಮಸಾಲೆಯ ಸಾರಾಯಿತು.

ಆ ವಾರವೇ ಡಿಟೆಕ್ಟಿವ್ ಫೋನ್ ಮಾಡಿ, ಹೇಳಿಕೆ ಕೊಡಲು ಯಾವಾಗ ಬರುತ್ತೀರಿ ಎಂದು ಕೇಳಿದ. "ಬೇಡ ಸ್ವಾಮಿ, ಎಲ್ಲಾ ಮುಗೀತು. ಊಟ ಮಾಡಿದ್ವಿ," ಎಂದಳು ತೆಯೋಫಿಲಾ. ಅವನಿಗೆ ಏನು ಅರ್ಥವಾಯಿತೋ, ಕಡತದಲ್ಲಿ ಮಾತ್ರ 'ನೊಂದವಳು ಸಹಕರಿಸಲು ಒಪ್ಪುತ್ತಿಲ್ಲ' ಎಂದು ಬರೆದುಕೊಂಡ.

ಇದನ್ನೆಲ್ಲ ಕೇಳಿ ಸುಲ್ಮಾ ಹಣೆ ಹಿಡಿದುಕೊಂಡಳು.

"ಅಕ್ಕ, ಸರ್ಕಾರಕ್ಕೆ ಕ್ಷಮಿಸೋರು ಬೇಡ. ಸಾಕ್ಷಿ ಹೇಳೋರು ಬೇಕು. ಆ ಕೋಳಿನ ವಾಪಸ್ ಕೊಟ್ಬಿಡಿ."

"ತಿಂದಾಗಿದೆಯಲ್ಲಮ್ಮ."

"ಹಂಗಾದ್ರೆ ಮರ್ತುಬಿಡಿ."

ಮರೆಯುವುದು ಸುಲ್ಮಾಗೆ ಸುಲಭ, ಅವಳು ಆ ಸಾರು ತಿಂದಿರಲಿಲ್ಲ. ತೆಯೋಫಿಲಾ ವಾರವಿಡೀ ಒದ್ದಾಡಿ ಕೊನೆಗೆ ದೋನ್ ವುಲ್ಫ್ರಾನೋನ ಹತ್ತಿರ ಹೋದಳು. ಊರಲ್ಲಿ ಮೇಕೆ ಮೇಯಿಸುತ್ತಿದ್ದ, ಇಲ್ಲಿ ಹೋಟೆಲಿನಲ್ಲಿ ತಟ್ಟೆ ತೊಳೆಯುವ, ಭಾನುವಾರ ಮಾತ್ರ ಅಧ್ಯಕ್ಷನಾಗುವ ಮನುಷ್ಯ ಅವನು. ಮೀಸೆ ತೀಡಿಕೊಂಡು ಬಹಳ ಹೊತ್ತು ಯೋಚಿಸಿದ.

"ಇಸ್ಕೊಳ್ಳೋಕೆ ಪದ್ಧತಿ ಐತೆ ತಾಯಿ, ವಾಪಸ್ ಕೊಡೋಕಿಲ್ಲ. ನಮ್ಮ ಹಿರೀಕರಿಗೆ ಈ ವೀಸಾ ಬರ್ತದೆ ಅಂತ ಯಾರೂ ಹೇಳಿರ್ಲಿಲ್ಲ ನೋಡು."

"ನಾನೇ ಹೊಸದಾಗಿ ಶುರು ಮಾಡಿದ್ರೆ?"

"ಮಾಡು. ಆದ್ರೆ ಊರ ಹಬ್ಬಕ್ಕೆ ನಿನ್ನ ತಮಾಲೆ ಯಾರೂ ತಗೊಳ್ಳಾಕಿಲ್ಲ. ನಾನೂ ತಗೊಳ್ಳಾಕಿಲ್ಲ. ನಂಗೆ ನಿನ್ನ ತಮಾಲೆ ಇಷ್ಟ, ಅದೇ ಬೇಜಾರು."

ಮರುದಿನ ತೆಯೋಫಿಲಾ ಜೀವಂತ ಕೋಳಿ ಮಾರುವ ಅಂಗಡಿಗೆ ಹೋಗಿ ಒಂದು ಟರ್ಕಿಯನ್ನು ಆರಿಸಿ, ತಲೆ ಮಾತ್ರ ಹೊರಗಿರುವಂತೆ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು. ಅದು ದಾರಿಯುದ್ದಕ್ಕೂ ಪಕ್ಕದ ಸೀಟಿನವನನ್ನು ಅನುಮಾನದಿಂದ ನೋಡುತ್ತಿತ್ತು.

ಕ್ರೆಸೆನ್ಸಿಯಾ ಬಾಗಿಲು ತೆರೆದು ಚೀಲ ನೋಡಿದಳು. ಅವಳಿಗೆ ತಕ್ಷಣ ಅರ್ಥವಾಯಿತು.

"ನಾನು ಕೊಟ್ಟಿದ್ದು ನೀನು ಉಂಡಾಯ್ತು."

"ಅದಕ್ಕೇ ಇನ್ನೊಂದು ತಂದಿದೀನಿ."

"ನನ್ನದು ಇದಕ್ಕಿಂತ ದಪ್ಪಗಿತ್ತು."

"ತೂಕ ಹಾಕ್ಸಿ ತಂದಿದೀನಿ ಅಕ್ಕ. ಒಂಬತ್ತು ಕೆಜಿ."

ಕ್ರೆಸೆನ್ಸಿಯಾ ಕೈ ಚಾಚಿ ಕೋಳಿಯ ಎದೆ ಒತ್ತಿ ನೋಡಿದಳು.

"ನನ್ನ ಮಗನಿಗೆ ಇಲ್ಲಿ ಕಾಗದ ಇಲ್ಲ," ಎಂದಳು ಕ್ರೆಸೆನ್ಸಿಯಾ. "ನೀನು ಹೇಳ್ಕೆ ಕೊಟ್ರೆ ಜೈಲು, ಆಮೇಲೆ ವಿಮಾನ. ಎರಡು ವರ್ಷದ ಕೂಸನ್ನ ಎತ್ಕೊಂಡು ಬಂದೆ. ಅವನಿಗೆ ಊರ ದಾರಿನೂ ಗೊತ್ತಿಲ್ಲ, ಊರ ಮಾತೂ ಬರಲ್ಲ."

"ಗೊತ್ತು."

"ಗೊತ್ತಿದ್ದೂ ಬಂದಿದೀಯ."

"ನನ್ನ ಮಗಳನ್ನ ನೋಡಿ ಹದಿನಾಲ್ಕು ವರ್ಷ ಆಯ್ತು ಅಕ್ಕ."

ಕ್ರೆಸೆನ್ಸಿಯಾ ಚೀಲ ತೆಗೆದುಕೊಂಡು ಬಾಗಿಲನ್ನು ಮೆಲ್ಲಗೆ ಮುಚ್ಚಿದಳು. ಬಡಿದು ಮುಚ್ಚಿದ್ದರೆ ತೆಯೋಫಿಲಾಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಮೆಟ್ಟಿಲಿಳಿಯುವಾಗ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಆದರೂ ಹಿಂದಿರುಗಿ ನೋಡದೆ ನೇರವಾಗಿ ಪೊಲೀಸ್ ಠಾಣೆಗೆ ಹೋದಳು.

ಆಮೇಲೆ ಎಲ್ಲವೂ ಸುಸೂತ್ರವಾಗಿ ನಡೆಯಿತು. ಅವಳು ಹೇಳಿಕೆ ಕೊಟ್ಟಳು. ಎಲಾದಿಯೋ ತಪ್ಪೊಪ್ಪಿಕೊಂಡ. ನೊಹೆಮಿಯ ಹುಟ್ಟುಹಬ್ಬಕ್ಕೆ ಆರು ದಿನ ಮೊದಲು ಪೊಲೀಸರ ಸಹಿ ಬಂತು, ಎರಡು ದಿನ ಮೊದಲು ಅರ್ಜಿ ಹೋಯಿತು. ಸುಲ್ಮಾ ಕೇಕು ತಂದಿದ್ದಳು.

"ಇನ್ನು ಎಷ್ಟು ದಿನಕ್ಕೆ ಬರ್ತಾಳೆ?" ಎಂದು ತೆಯೋಫಿಲಾ ಕೇಳಿದಳು.

ಸುಲ್ಮಾ ಕೇಕಿನ ಚೂರನ್ನು ನಿಧಾನವಾಗಿ ಅಗಿದಳು. "ವರ್ಷಕ್ಕೆ ಹತ್ತೇ ಸಾವಿರ ವೀಸಾ ಕೊಡ್ತಾರೆ ಅಕ್ಕ. ಕಾಯ್ತಿರೋರು ಲಕ್ಷಗಟ್ಟಲೆ. ಹತ್ತು ವರ್ಷ ಆಗ್ಬಹುದು, ಇನ್ನೂ ಜಾಸ್ತಿ ಆಗ್ಬಹುದು. ಅಲ್ಲೀವರೆಗೆ ಅವಳು ಮದುವೆ ಆಗೋ ಹಂಗಿಲ್ಲ. ನೀವು ಈ ದೇಶ ಬಿಟ್ಟು ಹೋಗೋ ಹಂಗಿಲ್ಲ. ಹೋದ್ರೆ ಎಲ್ಲಾ ಹಾಳಾಗುತ್ತೆ."

ಇನಾಮು ಅಂದರೆ ಹೀಗಿರಬೇಕು. ತೆಯೋಫಿಲಾ ಮನೆಗೆ ಬಂದು, ಮಗಳಿಗೆ ಎಲ್ಲವೂ ಚೆನ್ನಾಗಿ ನಡೆಯಿತು ಎಂದಷ್ಟೇ ಹೇಳಿದಳು. ಊರ ಹಬ್ಬದಲ್ಲಿ ಅವಳ ತಮಾಲೆ ಒಂದೂ ಖರ್ಚಾಗಲಿಲ್ಲ. ದೋನ್ ವುಲ್ಫ್ರಾನೋ ದೂರದಿಂದ ಡಬ್ಬಿಯ ಕಡೆ ನೋಡಿ ನಿಟ್ಟುಸಿರು ಬಿಟ್ಟು ಬೇರೆ ಕಡೆ ಹೋದ.

ಅಪರಾಧಿಗೆ ಮಾತ್ರ ಸರ್ಕಾರ ಕಾಯಿಸಲಿಲ್ಲ. ಏಳು ತಿಂಗಳು ಜೈಲು ಮುಗಿದ ಹನ್ನೆರಡೇ ದಿನಕ್ಕೆ ಎಲಾದಿಯೋನನ್ನು ತನ್ನದೇ ಖರ್ಚಿನಲ್ಲಿ ವಿಮಾನಕ್ಕೆ ಹತ್ತಿಸಿತು.

ಒಂದು ಭಾನುವಾರ ಬೆಳಿಗ್ಗೆ ನೊಹೆಮಿ ವಿಡಿಯೋ ಕರೆ ಮಾಡಿದಳು. "ಅಮ್ಮಾ, ಕ್ರೆಸೆನ್ಸಿಯಾ ಅತ್ತೆ ಮಗ ಬಂದಿದಾನೆ. ಅವ್ರ ಮನೆ ಬಿದ್ದೋಗಿದೆಯಲ್ಲ, ಬಸ್ ಸ್ಟ್ಯಾಂಡಲ್ಲಿ ಕೂತಿದ್ದ. ಅಜ್ಜಿ ಕರ್ಕೊಂಡು ಬಂದ್ರು."

"ಅವನು ಯಾರು ಅಂತ ಅಜ್ಜಿಗೆ ಗೊತ್ತಾ?"

"ಅವನೇ ಅರ್ಧ ಮಾತು ಅರ್ಧ ಕೈಸನ್ನೆ ಮಾಡಿ ಹೇಳ್ದ, ನಾನೇ ನಿಮ್ಮ ಮಗಳನ್ನ ಇರಿದಿದ್ದು ಅಂತ. ಅಜ್ಜಿ, ಮೊದ್ಲು ಉಣ್ಣು ಅಂದ್ರು."

ಫೋನು ತಿರುಗಿ ಗೋಡೆಗೆ ಒರಗಿತು. ಒಲೆಯ ಪಕ್ಕದ ಗಿಡ್ಡ ಸ್ಟೂಲಿನ ಮೇಲೆ ಎಲಾದಿಯೋ ತಲೆ ತಗ್ಗಿಸಿಕೊಂಡು ಹುರುಳಿಸಾರು ಉಣ್ಣುತ್ತಿದ್ದ. ತೆಯೋಫಿಲಾಳ ತಾಯಿ ಬಗ್ಗಿ ಅವನ ತಟ್ಟೆಗೆ ಇನ್ನೊಂದು ತೊರ್ತಿಯಾ ರೊಟ್ಟಿ ಹಾಕಿದರು. ನೊಹೆಮಿ ಅವನೆದುರು ನೀರಿನ ಲೋಟ ಇಟ್ಟಳು. ಅವನು ಕೈ ಚಾಚಿದರೆ ಸಿಗುವಷ್ಟು ಹತ್ತಿರವಿದ್ದಳು.

ಇರಿದವನು ಅಲ್ಲಿ ಕೂತಿದ್ದ. ಇರಿತ ತಿಂದವಳು, ಕಾನೂನಿನ ಕರುಣೆಗೆ ಪಾತ್ರಳಾದವಳು, ಇಲ್ಲಿ. ತೆಯೋಫಿಲಾಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ಹೊಟ್ಟೆಕಿಚ್ಚು ಬಂತು. ಇರಿತದ ದಿನ ಬೆಳಿಗ್ಗೆ ಚಾಕು ತನ್ನ ಕೈಯಲ್ಲಿದ್ದಿದ್ದರೆ ಆ ವಿಮಾನ ತನ್ನನ್ನು ಅಲ್ಲಿಗೆ ಕರೆದೊಯ್ಯುತ್ತಿತ್ತು ಎಂದು ಅನ್ನಿಸಿ ಬಿಕ್ಕಿ ಬಿಕ್ಕಿ ಅತ್ತಳು.

"ಅಮ್ಮಾ, ಯಾಕಮ್ಮ?" ಎಂದಳು ನೊಹೆಮಿ.

"ಏನಿಲ್ಲ. ಫೋನು ಅಲ್ಲೇ ಇಡು, ಅವನು ಊಟ ಮುಗಿಸಲಿ," ಎಂದಳು ತೆಯೋಫಿಲಾ.